ಮೂರನೆಯ ಪದರದ ಮಣ್ಣು

ಡಂಬಳ
೧೭ ಆಗಸ್ಟ್ ೨೦೨೫, ರವಿವಾರ

ಪ್ರೀತಿಯ ಅಣ್ಣ,

ನೀನು ಆರಾಮಾಗಿರುವೆ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಧಾರವಾಡದ ಹಾಸ್ಟೆಲಿನಲ್ಲಿ ಉತ್ತರ ಬರೆಯಲು ಕೂತು, ಬರೆಯದೆ ಎದ್ದಿದ್ದೇನೆ. ಪರೀಕ್ಷೆಯ ನೆಪ ಹೇಳುವುದಿಲ್ಲ. ನೀನು ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಡಲು ನನ್ನಿಂದ ಆಗುತ್ತಿರಲಿಲ್ಲ. ಅದನ್ನು ಕೊನೆಗೆ ಇಡುತ್ತೇನೆ. ನಿನ್ನ ಸೈನ್ಯದ ಠಾಣೆಗೆ ಫೋನು ಹತ್ತುವುದೇ ಅಪರೂಪ, ಹತ್ತಿದರೂ ನಡುವೆಯೇ ಕಡಿದು ಹೋಗುತ್ತದೆ. ಇದು ನಡುವೆ ಕಡಿಯಬಾರದ ಮಾತು.

ನಿನ್ನೆ ಊರಿಗೆ ಬಂದೆ. ಪಕ್ಕದ ಮನೆಯ ಶಂಕ್ರೆವ್ವ ಕೀಲಿ ಇಟ್ಟುಕೊಂಡು ಆಗಾಗ ಬಂದು ಕಸ ಹೊಡೆಯುತ್ತಾಳೆ. ದೀಪವನ್ನು ಮಾತ್ರ ಹಚ್ಚುವುದಿಲ್ಲವಂತೆ. "ನೀನ ಹಚ್ಚವಾ. ನಾ ಹಚ್ಚಿದ್ರ ಎಣ್ಣಿ ಭಾಳ ಸುರದಿ ಅಂತ ಮಂಜವ್ವ ಬೈತಾಳ" ಎಂದಳು. ಅವ್ವ ಇನ್ನೂ ಒಳಗೆ ಇದ್ದಾಳೆ ಎನ್ನುವ ಹಾಗೆ.

ಅವ್ವ ಹೋದಾಗ ನೀನು ಬರುವ ದಾರಿ ಕುಸಿದಿತ್ತು. ಗುಡ್ಡದ ಮಣ್ಣು ನೀರು ಕುಡಿದು, ಭಾರವಾಗಿ, ಹೇಗೆ ಜಾರುತ್ತದೆ ಎಂಬುದು ನಮಗೆ ಪಾಠವಿದೆ. ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಬರೆದಿದ್ದೆ. ಆ ದಿನ ನೀನು ಎಲ್ಲಿ ಎಂದು ಎಲ್ಲರೂ ಕೇಳಿದಾಗ, ಗುಡ್ಡ ಕುಸಿದಿದೆ ಎಂದಷ್ಟೇ ಹೇಳಿದೆ. ನಿನ್ನನ್ನು ಯಾರೂ ತಪ್ಪು ತಿಳಿದಿಲ್ಲ.

ಈಗ ನಿನ್ನಿಂದ ಒಂದು ಒಪ್ಪಿಗೆ ಬೇಕು. ಯಾಕೆಂದು ಮೊದಲಿನಿಂದ ಹೇಳುತ್ತೇನೆ.

ನನ್ನ ಎಂ.ಎಸ್ಸಿ. ಪ್ರಬಂಧ ನಮ್ಮೂರ ಕಪ್ಪು ಮಣ್ಣಿನ ಮೇಲೆ. ಜೂನಿನಲ್ಲಿ ಕೆರೆಯಾಚೆಯ ಒಂದು ಹೊಲದಲ್ಲಿ ಎದೆಮಟ್ಟದ ಕುಣಿ ತೋಡಿಸಿ, ಮೇಲಿನ, ನಡುವಿನ ಮತ್ತು ತಳದ ಪದರಗಳಿಂದ ಮಣ್ಣು ತೆಗೆದೆ. ತಳದ ಮಣ್ಣಿನ ಜಿಗುಟು ನೋಡಲು ಸ್ವಲ್ಪ ನೀರು ಹಾಕಿ ಕಲಸಿ ಎಳೆ ಹೊಸೆಯುತ್ತಿದ್ದೆ. ಆ ದಾರಿಯಲ್ಲಿ ಬಂದ ಶಂಕ್ರೆವ್ವ ನಿಂತು ನೋಡಿದಳು. "ಕಾಲೇಜಿನಾಗ ಶಾವಿಗಿ ಹೊಸಿಯೂದೂ ಕಲಿಸ್ತಾರೇನವಾ? ನಮ್ಮ ಮನ್ಯಾಗ ಪುಕ್ಕಟ ಕಲಿಸ್ತಿದ್ನೆಲ್ಲ" ಎಂದಳು. ನಾನು ನಕ್ಕೆ, ಎಳೆ ಮುರಿಯಲಿಲ್ಲ. ಅಂಥ ಮಣ್ಣು ಅದು.

ಇಂಥ ಮಣ್ಣನ್ನು ನೆರಳಿನಲ್ಲೇ ಒಣಗಿಸಬೇಕು. ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿ ಮೂರು ಗುಡ್ಡೆಯಾಗಿ ಹರವಿದೆ. ಮುಟ್ಟಬೇಡ ಎಂದು ಅವ್ವನಿಗೆ ಹೇಳಿದೆ. ಹೂಂ ಅಂದಳು. ಮರುದಿನ ಅವಳು ಏಳುವ ಮೊದಲೇ ನಸುಕಿನ ಬಸ್ಸಿಗೆ ಧಾರವಾಡಕ್ಕೆ ಹೋದೆ. ಆ ದಿನಗಳಲ್ಲಿ ಅವಳ ಹೂಂ ಬೆಳಗಿನವರೆಗೆ ಉಳಿಯುತ್ತಿರಲಿಲ್ಲ. ನನ್ನನ್ನು ತನ್ನ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು. ನಿನಗೆ ಫೋನಿನಲ್ಲಿ ಸ್ವಲ್ಪ ಮರೆವು ಎಂದಿದ್ದೆ. ಸ್ವಲ್ಪವಾಗಿರಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರವಿತ್ತು. ನೀನು ಸೈನ್ಯಕ್ಕೆ ಸೇರುವವರೆಗೆ ಪ್ರತಿ ವರ್ಷ ಕೆರೆಯ ಮಣ್ಣು ಹೊತ್ತು ತರುತ್ತಿದ್ದೆ. ಅವ್ವ ಜೋಡೆತ್ತು ಮಾಡಿ, ಜೋಳದ ಕಾಳಿನ ಕಣ್ಣಿಟ್ಟು, ಪೂಜೆಗೆ ಕೂಡಿಸುತ್ತಿದ್ದಳು. ನೀನು ಹೋದ ಮೇಲೆ ಅವಳು ಎತ್ತು ಮಾಡುವುದನ್ನೇ ಬಿಟ್ಟಿದ್ದಳು, ಕುಂಬಾರರ ಮನೆಯಿಂದ ತರಿಸುತ್ತಿದ್ದಳು. ಈ ಸಲ ಪಡಸಾಲೆಯಲ್ಲಿ ಮಣ್ಣು ಕಂಡಿತು. ಎರಡು ಗುಡ್ಡೆಗಳನ್ನು ಮುಟ್ಟಿಲ್ಲ. ಜಿಗುಟಾದ ಮೂರನೆಯದನ್ನಷ್ಟೂ ಕಲಸಿ ಎತ್ತು ಮಾಡಿದ್ದಳು.

ನಾನು ತಿರುಗಿ ಬಂದದ್ದು ಅವಳಿಗೆ ಜ್ವರ ಏರಿ ಗದಗಿನ ದವಾಖಾನೆಗೆ ಸೇರಿಸಿದಾಗ. ಆಮೇಲಿನದು ನಿನಗೆ ಗೊತ್ತು. ಮಣ್ಣು ಮಾಡಿ ಮನೆಗೆ ಬಂದಾಗ ಗೋಡೆಯ ಗೂಡಿನಲ್ಲಿ ಎತ್ತುಗಳನ್ನು ನೋಡಿದೆ. ಪೂಜೆಯಾದ ಮೇಲೆ ಅವನ್ನು ಕೆರೆಗೆ ಬಿಡುವುದನ್ನು ಅವಳು ಮರೆತಿದ್ದಳು.

ಬೇರೆ ಮಣ್ಣು ತರೋಣವೆಂದು ಆ ಹೊಲಕ್ಕೆ ಹೋದೆ. ಕುಣಿ ಇದ್ದ ಕಡೆ ಈಗ ಗಾಳಿಯಂತ್ರಗಳಿಗೆ ಹೋಗುವ ದಾರಿಯಾಗಿದೆ. ಗರಸು ಸುರಿದು ರೋಲರ್ ಹೊಡೆದಿದ್ದಾರೆ. ಮೂರೂ ಪದರಗಳು ಒಂದೇ ಕುಣಿಯವಾಗಿರಬೇಕು. ಹೊಸ ಜಾಗದಲ್ಲಿ ಮೊದಲಿನಿಂದ ಶುರು ಮಾಡಿದರೆ ಒಂದು ವರ್ಷ ಹೋಗುತ್ತದೆ. ಇನ್ನೊಂದು ವರ್ಷ ಓದುವ ಧೈರ್ಯ ನನಗಿಲ್ಲ, ಅಣ್ಣ.

ಎತ್ತುಗಳನ್ನು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹೋಗಿ ನನ್ನ ಗೈಡ್ ಜಯಂತ ಸರ್‌ಗೆ ತೋರಿಸಿದೆ. ನೀರು ಬೆರೆತದ್ದರಿಂದ ಉಪ್ಪಿನ ಪರೀಕ್ಷೆ ಆಗುವುದಿಲ್ಲ, ಜಿಗುಟಿನದು ಆಗುತ್ತದೆ ಎಂದರು. ಒಂದು ಎತ್ತು ಸಾಕು, ಕುಟ್ಟಿ ಸೋಸು ಎಂದು ಕಲ್ಲನ್ನು ಅವರೇ ನನ್ನ ಮುಂದೆ ಸರಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದರು. ಒಂದು ಎತ್ತಿನ ಬೆನ್ನ ಮೇಲೆ ಹೆಬ್ಬೆರಳು ಒತ್ತಿದ ಗುರುತಿದೆ, ಗೆರೆಗಳೂ ಕಾಣುತ್ತವೆ. ಯಾರು ಮಾಡಿದ್ದು ಎಂದು ಕೇಳಿದರು. ಹೇಳಿದೆ. ಅವರು ಕಲ್ಲನ್ನು ತಮ್ಮ ಕಡೆ ಎಳೆದುಕೊಂಡರು.

"ಮನ್ಯಾಗ ಒಂದ ಮಾತ ಕೇಳಿ ಬಾ" ಎಂದರು.

ಮನೆಯಲ್ಲಿ ನಿನ್ನನ್ನು ಬಿಟ್ಟು ಯಾರಿದ್ದಾರೆ? ಎತ್ತುಗಳನ್ನು ತಿರುಗಿ ತಂದು ಗೂಡಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಒಂದರ ಕೊಂಬು ಒಳಕ್ಕೆ ಬಾಗಿದೆ. ಬೆರಳ ಗುರುತು ಇರುವುದು ಇನ್ನೊಂದರ ಮೇಲೆ. ಅದರ ಒಂದು ಕಣ್ಣಿನ ಕಾಳು ಉದುರಿದೆ. ಈ ಮಣ್ಣು ಒಣಗಿದಷ್ಟೂ ಬಿರಿಯುತ್ತದೆ. ಎರಡರ ಕಾಲುಗಳಲ್ಲೂ ಸೀಳು ಬಿದ್ದಿದೆ. ನಾವು ಮುಟ್ಟದಿದ್ದರೂ ಇವು ಬಹಳ ದಿನ ನಿಲ್ಲುವುದಿಲ್ಲ. ಇದನ್ನೂ ನಾನು ಓದಿದ್ದೇನೆ.

ದಸರೆಗೆ ರಜೆ ಸಿಕ್ಕರೆ ಬಾ. ಚಳಿ ಶುರುವಾಗುವ ಮೊದಲು ಸ್ವೆಟರ್ ಕಳಿಸುತ್ತೇನೆ. ಶಂಕ್ರೆವ್ವ ಪಕ್ಕದಲ್ಲೇ ಕೂತು ತನ್ನ ಆಶೀರ್ವಾದವನ್ನೂ ಬರೆ ಎನ್ನುತ್ತಿದ್ದಾಳೆ. "ಹೊಟ್ಟಿ ತುಂಬ ಉಣ್ಣಪಾ, ನೂರು ವರ್ಷ ಬಾಳು. ಮನಿ ಕಾಯಾಕ ನಾ ಅದೀನಿ" ಅಂತೆ.

ನಿನ್ನ ತಂಗಿ,
ಮಮತಾ

ತಾ.ಕ.: "ಕೊನೆಗೆ ಅವ್ವ ನನ್ನ ದಾರಿ ನೋಡಿದಳೇ" ಎಂದು ನೀನು ಕೇಳಿದ್ದೆ. ನೋಡಲಿಲ್ಲ. ನೀನು ಬಂದು ಹೋಗಿರುವೆ ಎಂದೇ ತಿಳಿದಿದ್ದಳು. ಪಡಸಾಲೆಯ ಮಣ್ಣು ನೋಡಿ ಅವಳಿಗೆ ಹಾಗನ್ನಿಸಿತ್ತು. ದವಾಖಾನೆಯಲ್ಲಿ ನನ್ನ ಕೈ ಹಿಡಿದುಕೊಂಡು, "ಲೋಹ್ಯಾ ಮಣ್ಣ ಇಟ್ಟು ಹೋಗ್ಯಾನ. ನಿದ್ದಿ ಕೆಡತೈತಿ ಅಂತ ನನ್ನ ಎಬ್ಬಿಸಿಲ್ಲ" ಎಂದಳು. ನರ್ಸಿಗೂ ಅದನ್ನೇ ಹೇಳಿದಳು. ಹೌದವ್ವ, ಅವನೇ ತಂದದ್ದು ಎಂದೆ. ಅಷ್ಟು ಹಗುರಾದ ಮುಖವನ್ನು ನಾನು ಎಷ್ಟೋ ದಿನದಿಂದ ನೋಡಿರಲಿಲ್ಲ. ಕೈ ಹಿಡಿದವಳು ಯಾರೆಂದು ಆಗ ಅವಳಿಗೆ ಗೊತ್ತಿರಲಿಲ್ಲ. ನೀನು ನೆಮ್ಮದಿಯಿಂದಿರು. ಅವಳು ನಿನಗಾಗಿ ಕಾಯುತ್ತ ಹೋಗಲಿಲ್ಲ.

ಹಾಗಾಗಿ ಈ ಎತ್ತುಗಳು ನಿನ್ನವು, ಅದಕ್ಕೇ ನಿನ್ನನ್ನು ಕೇಳಿದೆ. ನೀನು ಒಪ್ಪಿದರೆ ಕೊಂಬು ಬಾಗಿದ್ದನ್ನು ಕುಟ್ಟುತ್ತೇನೆ. ಬೆರಳ ಗುರುತು ಇರುವುದನ್ನು ನನಗೆ ಕೊಡು, ಅಣ್ಣ. ಮಣ್ಣು ತಂದವಳು ನಾನು.