ಏಪ್ರಿಲ್‌ವರೆಗೆ ಶನಿವಾರವಿಲ್ಲ

ಜನವರಿ 10, ಶನಿವಾರ

ಹತ್ತಕ್ಕೆ ಮೇಘಶ್ರೀ ಬಂದರು. ಸ್ಟ್ರೋಕ್ ಆದಮೇಲೆ ಅಪ್ಪನಿಗೆ ಮಾತು ಕಲಿಸುತ್ತಿರುವ ಸ್ಪೀಚ್ ಥೆರಪಿಸ್ಟ್. ಅಪ್ಪ ಆಗಲೇ ವಿಭೂತಿ ಹಚ್ಚಿಸಿಕೊಂಡು ಬಾಗಿಲಿಗೆ ಎದುರಾಗಿ ಕೂತಿದ್ದರು. ಮೇಘಶ್ರೀ ಅಮ್ಮನ ಕಡೆ ಕೈ ತೋರಿಸಿ ಕೇಳಿದರು, "ಇವರ ಹೆಸರೇನು ಸಾರ್?"

ಬಹಳ ಹೊತ್ತಾದ ಮೇಲೆ ಅಪ್ಪ — "ನೀ..."

ಅಮ್ಮ ನೀಲಗಂಗಮ್ಮ. ಅಪ್ಪನಿಗೆ ನೀಲಾ. ಮೂರು ತಿಂಗಳಲ್ಲಿ ಇದೇ ಮೊದಲು.

"ಅರ್ಧ ಬಂತಲ್ಲ ಆಂಟಿ. ಇನ್ನರ್ಧ ಬಂದ ದಿನ ಪಾಯಸ ಮಾಡಿ."

ಜನವರಿ 16

ಕ್ಲಿನಿಕ್‌ನಿಂದ ಫೋನ್. ಏಪ್ರಿಲ್‌ವರೆಗೆ ಮೇಘಶ್ರೀ ಶನಿವಾರ ಬರುವುದಿಲ್ಲ. ವಾರದ ದಿನಗಳು ಭರ್ತಿ. ಬೇರೆಯವರಿದ್ದಾರೆ, ಕನ್ನಡ ಬಾರದು. ಅಪ್ಪನಿಗೆ ಇರುವುದೊಂದೇ ಭಾಷೆ. ಅದರಲ್ಲೂ ಒಂದಕ್ಷರ.

ಮೊದಲ ಆರು ತಿಂಗಳೇ ಮುಖ್ಯ ಎಂದಿದ್ದರು ಡಾಕ್ಟರ್. ಸ್ಟ್ರೋಕ್ ಆದದ್ದು ಅಕ್ಟೋಬರ್‌ನಲ್ಲಿ.

ಜನವರಿ 19

ಜೆ.ಪಿ. ನಗರದ ಕ್ಲಿನಿಕ್‌ಗೇ ಹೋದೆ. ಜಗಳಕ್ಕೆಂದೇ. ಶನಿವಾರ ಯಾಕೆ ಬರುವುದಿಲ್ಲ ಎಂದು ಮೇಘಶ್ರೀಯನ್ನೇ ಕೇಳಿದೆ.

"ಇನ್‌ಕಮ್ ಟ್ಯಾಕ್ಸ್ ಸಾರ್. ಹನ್ನೆರಡು ಮುಕ್ಕಾಲು ಲಕ್ಷದ ತನಕ ಸಂಬಳಕ್ಕೆ ಟ್ಯಾಕ್ಸ್ ಇಲ್ಲ. ಈ ಮಾರ್ಚ್‌ವರೆಗೆ ನಂದು ಅಲ್ಲಿಗೆ ಬಂದು ನಿಲ್ಲುತ್ತೆ. ಶನಿವಾರದ ದುಡ್ಡು ಸೇರಿದ್ರೆ ದಾಟುತ್ತೆ."

"ದಾಟಿದ ಕೂಡ್ಲೇ ಅರವತ್ತು ಸಾವಿರ ಕಟ್ಟಬೇಕು ಅಂತ ಯಾರೋ ಹೆದರಿಸಿದ್ದಾರೆ ನಿಮ್ಗೆ. ಹಾಗಿಲ್ಲ. ಮಾರ್ಜಿನಲ್ ರಿಲೀಫ್ ಇದೆ. ಎಷ್ಟು ದಾಟುತ್ತೋ ಅಷ್ಟೇ ಕಟ್ಟೋದು."

"ಅಂದ್ರೆ ದುಡಿದಿದ್ದಷ್ಟೂ. ಅದರ ಮೇಲೆ ನೂರಕ್ಕೆ ನಾಲ್ಕು ಸೆಸ್. ಗೊಟ್ಟಿಗೆರೆಯಿಂದ ಬಂದು ಕೈಯಿಂದ ನಾಲ್ಕು ರೂಪಾಯಿ ಹಾಕಿ ಹೋಗ್ಲಾ ಸಾರ್?"

ಬಜೆಟ್ ಪುಟವನ್ನು ಗೆರೆ ಎಳೆದು ಓದುವವನು ನಾನು. ಸೆಸ್ ಮರೆತಿದ್ದೆ.

"ಕ್ಯಾಶ್ ಕೊಡ್ತೀನಿ. ಬಿಲ್ ಬೇಡ."

"ಬಿಲ್ ಇಲ್ದೆ ಒಂದ್ರೂಪಾಯಿ ಕೊಡಲ್ಲ ಅಂತ ಮೊದಲ ದಿನ ನನಗೇ ಪಾಠ ಮಾಡಿದ್ರಿ. ಕ್ಲಿನಿಕ್‌ಗೆ ಗೊತ್ತಾದ್ರೆ ಕೆಲಸ ಹೋಗುತ್ತೆ ಸಾರ್."

ಒಳಗಿಂದ ಯಾರೋ ಮೇಘಶ್ರೀಯನ್ನು ಕರೆದರು. ಹೋದರು.

ಜನವರಿ 24, ಶನಿವಾರ

ಅಪ್ಪ ವಿಭೂತಿ ಹಚ್ಚಿಸಿಕೊಂಡು ಕೂತರು. ಬರುವುದಿಲ್ಲ ಎಂದೆ. ಅರ್ಥವಾಗಲಿಲ್ಲವೋ, ಬೇಡವಾಯಿತೋ. ನಾನೇ ಕೇಳಿದೆ — ಇವರ ಹೆಸರೇನಪ್ಪಾ? ನನ್ನನ್ನು ನೋಡಲೇ ಇಲ್ಲ. ಬಾಗಿಲನ್ನು ನೋಡಿದರು. ಎರಡನೇ ಸಲ ಕೇಳಿದ್ದಕ್ಕೆ ನೀರಿನ ಲೋಟ ತಳ್ಳಿದರು.

ಲೆಕ್ಕ ಮತ್ತೆ ಹಾಕಿದೆ. ಗಡಿಯಿಂದ ಸುಮಾರು ಎಪ್ಪತ್ತನಾಲ್ಕು ಸಾವಿರ ಮುಂದೆ ಹೋದರೆ ಮಾತ್ರ ದುಡಿದದ್ದರಲ್ಲಿ ಏನಾದರೂ ಕೈಗೆ ಉಳಿಯುತ್ತದೆ. ಅಲ್ಲಿಯವರೆಗೆ ಕೆಲಸ ಮಾಡದಿರುವುದೇ ಲಾಭ. ಅಪ್ಪನ ಶನಿವಾರಗಳೆಲ್ಲ ಸರಿಯಾಗಿ ಆ ನಡುವೆ ಬಿದ್ದಿವೆ. ಇಂಥ ನಿಯಮಕ್ಕೆ ರಿಲೀಫ್ ಎಂದು ಹೆಸರಿಟ್ಟವರು ಯಾರು? ಹೋದ ವರ್ಷ ಇದೇ ಬಜೆಟ್‌ಗೆ ಸ್ವೀಟ್ ತಂದಿದ್ದೆ.

ಆಕೆಯ ಮೇಲೆ ಸಿಟ್ಟು ಮಾಡಲು ಏನೂ ಉಳಿದಿಲ್ಲ. ಆದರೂ ಸಿಟ್ಟಿದೆ.

ಫೆಬ್ರವರಿ 28

ಅಪ್ಪ ಕುರ್ಚಿಗೆ ಬರುವುದು ನಿಲ್ಲಿಸಿದ್ದಾರೆ. ಅಮ್ಮ ವಿಭೂತಿ ಹಿಡಿದು ಹೋದರೆ ಗೋಡೆಯ ಕಡೆ ತಿರುಗುತ್ತಾರೆ.

ಏಪ್ರಿಲ್ 4, ಶನಿವಾರ

ಹೊಸ ಆರ್ಥಿಕ ವರ್ಷ. ಹತ್ತಕ್ಕೆ ಬೆಲ್. ಮೇಘಶ್ರೀ.

ಅಪ್ಪನನ್ನು ಎತ್ತಿ ಕೂರಿಸಿದೆ. ಒಲೆಯ ಮೇಲೆ ಪಾಯಸವಿತ್ತು. ಅಮ್ಮ ಸೆರಗು ಹಿಡಿದುಕೊಂಡು ಎದುರಿಗೆ ಬಂದು ನಿಂತರು.

"ಇವರ ಹೆಸರೇನು ಸಾರ್?"

ಅಪ್ಪ ಅಮ್ಮನನ್ನು ನೋಡಿದರು. ಬಾಯಿ ತೆರೆಯಿತು. ಬರೀ ಉಸಿರು. ಮೇಘಶ್ರೀ ಮತ್ತೆ ಕೇಳಿದರು. ಮತ್ತೆ. "ನೀ" ಕೂಡ ಬರಲಿಲ್ಲ.