ಮೂರನೇ ಸಾಲಿನ ಉಸಿರು

ಅಕ್ಕಾ,

ಇವತ್ತು ಬೆಳಗಿನಿಂದ ಹಾಡು ಕಲಿಯಲು ಬಂದವರ ಅಪಸ್ವರ ಕೇಳಿ ಕೇಳಿ ಸಾಕಾಗಿತ್ತು, ಬೆನ್ನು ಮರಗಟ್ಟಿತ್ತು. ಕೊನೆಗೆ ಬಂದ ಹೊಸ ಹುಡುಗಿ ನಿನ್ನ ಹಾಡನ್ನೇ ಎತ್ತಿಕೊಂಡಳು. ನೀನು ಹೋದ ಮೇಲೆ ನಾನದನ್ನು ನುಡಿಸಿರಲಿಲ್ಲ. ಮೂರನೇ ಸಾಲಿನ ನಡುವೆ ಪಿಯಾನೋ ಮೇಲಿನ ನನ್ನ ಕೈ ತಾನಾಗಿ ನಿಂತಿತು. ಅವಳು ಮುಂದೆ ಹೋಗಿಬಿಟ್ಟಳು.

"ಅಲ್ಲಿ ಯಾಕೆ ನಿಂತ್ರಿ ಮೇಡಂ? ನಂಗೆ ಉಸಿರು ಸಾಕಾಗುತ್ತಲ್ಲ."

"ಹಾಡು ಇರೋದೇ ಹಾಗಮ್ಮ," ಎಂದು ಗದರಿದೆ.

ಹಾಡು ಹಾಗಿಲ್ಲ. ಕಾಯಿಲೆ ಬಿದ್ದ ಮೇಲೆ ಆ ಸಾಲು ನಿನಗೆ ಒಂದೇ ಉಸಿರಿನಲ್ಲಿ ಮುಗಿಯುತ್ತಿರಲಿಲ್ಲ. ಕೇಳುವವರಿಗೆ ಗೊತ್ತಾಗದಂತೆ ನಾನು ಅಲ್ಲಿ ಕಾಯುತ್ತಿದ್ದೆ. ಅದರ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.

ಎರಡನೇ ಸಲ ಹಾಡುವಾಗ ನನ್ನ ಕೈ ಮತ್ತೆ ಅಲ್ಲೇ ನಿಂತಿತು. ಹುಡುಗಿ ಉಸಿರು ಬೇಕಿಲ್ಲದಿದ್ದರೂ ನನಗಾಗಿ ಕಾದಳು.