ನೋಟ್‌ಬುಕ್ಕಿನಲ್ಲಿ ಬರೆಯದ ಮೂರು ನಿಮಿಷ

ಶಾಲೆಯ ಸ್ಟಾಫ್ ರೂಮು
ಉಪವಾಸದ ಹದಿನೇಳನೆಯ ದಿನ, ಬುಧವಾರ ಮಧ್ಯಾಹ್ನ

ಪ್ರೀತಿಯ ಅಬ್ಬಾ,

ಸಲಾಂ. ಕಣ್ಣಿನ ಪಟ್ಟಿ ಬಿಚ್ಚಿದರೇ? ನೀರು ಇಳಿಯುವುದು ನಿಂತಿತೇ? ಬಗ್ಗಬೇಡಿ, ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ನೀವು ಎರಡನ್ನೂ ಮಾಡುತ್ತಿದ್ದೀರಿ ಎಂದು ಅಣ್ಣ ದೂರು ಹೇಳಿದ. ಈ ವರ್ಷ ಉಪವಾಸ ಬಿಡಿ ಎಂದು ಡಾಕ್ಟರೂ ಮೌಲ್ವಿ ಸಾಹೇಬರೂ ಒಂದೇ ಬಾಯಲ್ಲಿ ಹೇಳಿದ್ದಾರೆ. ಅವರಿಬ್ಬರು ಒಪ್ಪುವುದೇ ಅಪರೂಪ, ದಯವಿಟ್ಟು ಕೇಳಿ. ಈ ಪತ್ರವನ್ನು ಅತ್ತಿಗೆ ಓದಿ ಹೇಳುತ್ತಾರೆಂದು ಗೊತ್ತು. ಅತ್ತಿಗೆ, ಅಣ್ಣ ಮನೆಯಲ್ಲಿ ಇಲ್ಲದಾಗ ಓದಿ. ಅವನು ಸಾಲಿಗೊಂದು ಟಿಪ್ಪಣಿ ಸೇರಿಸುತ್ತಾನೆ. ಕೊನೆಗೆ ನನ್ನ ಮಾತು ಯಾವುದು, ಅವನದು ಯಾವುದು ಅಬ್ಬನಿಗೆ ತಿಳಿಯುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಈ ವಾರ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಕಣ್ಣಿಗೆ ಮದ್ದು ಹಾಕಿದರಾ ಎಂದು ಕೇಳಿ ಇಟ್ಟುಬಿಟ್ಟೆ.

ವಿಷಯ ಈ ವರ್ಷದ ಕಾರ್ಡಿನದು. ನಲವತ್ತೊಂದು ವರ್ಷ ಮಸೀದಿಯ ಉಪವಾಸದ ವೇಳಾಪಟ್ಟಿ ನಿಮ್ಮ ಕೈಯಿಂದಲೇ ಹೊರಟಿತು. ಎಲ್ಲರ ಅಡುಗೆಮನೆಯಲ್ಲೂ ಆ ಕಾರ್ಡು, ಕಾರ್ಡಿನ ಮೂಲೆಯಲ್ಲಿ ‘ಲೆಕ್ಕ’ ಎಂದು ನಿಮ್ಮ ಹೆಸರು. ಆಪರೇಷನ್ನಿಗೆ ಹೊರಡುವ ದಿನ ಆ ಹಸಿರು ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು, “ಎಲ್ಲಾ ಇದರಲ್ಲಿದೆ, ನೋಡಿ ಬರಿ” ಎಂದಿರಿ. ಗಣಿತದ ಟೀಚರಲ್ಲವೇ, ನಾನು ಬರೀ ನೋಡಿ ಬರೆಯಲಿಲ್ಲ. ಮೂವತ್ತು ದಿನದ ಸೂರ್ಯಾಸ್ತವನ್ನೂ ಬೇರೆಯಾಗಿ ಲೆಕ್ಕ ಹಾಕಿ ನಿಮ್ಮದರ ಪಕ್ಕದಲ್ಲಿಟ್ಟು ನೋಡಿದೆ. ಒಂದು ದಿನವೂ ಅರ್ಧ ನಿಮಿಷ ಮೀರಿ ವ್ಯತ್ಯಾಸ ಬರಲಿಲ್ಲ. ಎಷ್ಟು ಹಿಗ್ಗಿದೆನೆಂದರೆ, ಆ ಸಂಜೆಯೇ ಅಂಕಿಗಳನ್ನು ಪ್ರೆಸ್ಸಿನ ಮಾಮನಿಗೆ ಕೊಟ್ಟು ಬಂದೆ. ನಿಮಗೆ ಒಂದು ಸಲ ಓದಿ ಹೇಳಬೇಕೆಂದು ಅನ್ನಿಸಲೇ ಇಲ್ಲ. ಅಚ್ಚಾದ ಕಾರ್ಡನ್ನೇ ನಿಮ್ಮ ಕೈಗಿಡಬೇಕೆಂಬ ಆಸೆ.

ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ, ಗುರುವಾರ, ಶಾಲೆಯ ಗೇಟಿನ ಹತ್ತಿರ ಒಬ್ಬ ಉದ್ದನೆಯ ಮನುಷ್ಯ ಕಾದು ನಿಂತಿದ್ದ. ಹೊಳೆಯ ಪಕ್ಕ ಕಟ್ಟುತ್ತಿರುವ ಬಹುಮಹಡಿ ಕಟ್ಟಡದ ಕ್ರೇನ್ ಓಡಿಸುವವನು. ಆ ವಾರ ಅವನಿಗೆ ಸಂಜೆ ಪಾಳಿ. “ಟೀಚರಮ್ಮ, ನಿಮ್ಮ ಕಾರ್ಡಿನ ಪ್ರಕಾರ ಸೂರ್ಯ ಮನೆಗೆ ಹೋಗಿ ಆಯ್ತು. ಆದ್ರೆ ಆ ಸುದ್ದಿ ಅವನಿಗೆ ಮುಟ್ಟಿಲ್ಲ. ನನ್ನ ಕ್ಯಾಬಿನ್ ಗಾಜಿಗೆ ಮುಖ ಒತ್ತಿ ನನ್ನ ಖರ್ಜೂರಾನೇ ನೋಡ್ತಾ ಇದ್ದಾನೆ” ಎಂದ. ಮೊದಲ ದಿನ ಕಣ್ಣಿನ ಭ್ರಮೆ ಎಂದುಕೊಂಡನಂತೆ. ಎರಡನೆಯ ದಿನ ಗಡಿಯಾರ ಹಿಡಿದು ಕೂತಿದ್ದಾನೆ. ಕಾರ್ಡಿನ ಹೊತ್ತಿನ ನಂತರ ಒಂದೂವರೆ ನಿಮಿಷ ಸೂರ್ಯನ ಅಂಚು ಕಾಣುತ್ತಿತ್ತು. ಮೂರನೆಯ ದಿನವೂ ಅಷ್ಟೇ. ಅವನು ತಿನ್ನದೆ ಕಾದ. “ಹೋದ ವರ್ಷ ಹೀಗಿರಲಿಲ್ಲ” ಎಂದೂ ಸೇರಿಸಿದ.

ಮಧ್ಯಾಹ್ನ ಪ್ರೆಸ್ಸಿಗೆ ಓಡಿದೆ. ಮಾಮ ಹೋದ ವರ್ಷದ ಕಾರ್ಡನ್ನು ಕಡತದಿಂದ ತೆಗೆದರು. ನೋಟ್‌ಬುಕ್ಕಿನಲ್ಲಿದ್ದ ಅದೇ ದಿನಗಳ ಅಂಕಿಗೂ ಆ ಕಾರ್ಡಿನ ಅಂಕಿಗೂ ಎಲ್ಲಾ ದಿನವೂ ಮೂರು ನಿಮಿಷ ವ್ಯತ್ಯಾಸ. “ನಿಮ್ಮಬ್ಬ ಬಂದು ಕೂತು ಓದ್ತಾ ಇದ್ರು, ನಾನು ಬರ್ಕೊಳ್ತಾ ಇದ್ದೆ. ಪುಸ್ತಕ ನೋಡ್ಕೊಂಡೇ ಓದ್ತಾರೆ ಅಂದ್ಕೊಂಡಿದ್ದೆ” ಎಂದರು. ನೀವು ಓದುವಾಗಲೇ ಬಾಯಲ್ಲಿ ಮೂರು ಸೇರಿಸುತ್ತಿದ್ದಿರಿ. ಮುಂದೆ ಓಡುವ ಗಡಿಯಾರಕ್ಕೆ, ಸೂರ್ಯ ತಡವಾಗಿ ಮುಳುಗುವ ಎತ್ತರದ ಮಹಡಿಯವರಿಗೆ, ಲೆಕ್ಕದಲ್ಲಿ ಬಿಟ್ಟ ಸೆಕೆಂಡುಗಳಿಗೆ ಇರಬೇಕು. ನೋಟ್‌ಬುಕ್ಕಿನಲ್ಲಿ ಅದು ಎಲ್ಲೂ ಇಲ್ಲ. ರಟ್ಟಿನ ಒಳಬದಿಯನ್ನೂ ಹುಡುಕಿದೆ.

ಅಂದು ಸಂಜೆ ಕಮಿಟಿಯ ಅಧ್ಯಕ್ಷರ ಮನೆಗೆ ಹೋದೆ, ನೀವು ‘ಮುಲಾಮು’ ಎಂದು ಕರೆಯುವವರು. ಯಾವ ಗಾಯವಾದರೂ ಸವರಿ ಮುಚ್ಚುವುದು ಅವರ ಸ್ವಭಾವ. “ಮೂರು ನಿಮಿಷಕ್ಕೆ ಊರನ್ನೇ ಎಬ್ಬಿಸ್ಬೇಕಾ ಮಗಳೇ? ನಿಮ್ಮಬ್ಬ ಕಣ್ಣು ಕಟ್ಕೊಂಡು ಮಲಗಿದ್ದಾರೆ. ಈಗ ಅವರ ಲೆಕ್ಕ ತಪ್ಪು ಅಂತ ಹೇಳೋಣ್ವಾ? ಅಚ್ಚಿನ ತಪ್ಪು ಅಂದ್ರೆ ಮುಗೀತು” ಎಂದರು. ಪ್ರೆಸ್ಸಿನ ಮಾಮನಿಗೆ ಅಲ್ಲಿಂದಲೇ ಸ್ಪೀಕರ್ ಹಾಕಿ ಫೋನ್ ಮಾಡಿದರು. ಮಾಮ ನಕ್ಕು, “ಅಚ್ಚು ತಪ್ಪೋದು ನನ್ನ ಕಸುಬೇ ಅಲ್ವಾ, ನನ್ನ ತಲೆ ಮೇಲೆ ಹಾಕಿ. ಗಡಿಯಾರದ ಸಾಹೇಬರ ಹೆಸರು ಉಳೀಲಿ” ಎಂದು ನಿಮ್ಮ ಬಗ್ಗೆ ಹೇಳಿದರು. ನಾನು ಬೇಡವೆನ್ನಲಿಲ್ಲ ಅಬ್ಬಾ. ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ.

ಶುಕ್ರವಾರ ಹೆಂಗಸರ ಕೋಣೆಯ ಧ್ವನಿವರ್ಧಕದಲ್ಲಿ ಅದನ್ನು ಕೇಳಿದೆ. ಪ್ರೆಸ್ಸಿನಲ್ಲಿ ಅಂಕಿ ತಪ್ಪಾಗಿದೆ, ಇವತ್ತಿನಿಂದ ಮೂರು ನಿಮಿಷ ಸೇರಿಸಿಕೊಳ್ಳಿ. ಅಷ್ಟೇ. ನಮಾಜು ಮುಗಿದ ಮೇಲೆ ದೊಡ್ಡಾಸ್ಪತ್ರೆಯ ನರ್ಸ್ ಹತ್ತಿರ ಬಂದಳು. ಅವಳ ವಾರ್ಡು ಹದಿನೈದನೆಯ ಮಹಡಿಯಲ್ಲಿ, ಕಿಟಕಿ ಪಶ್ಚಿಮಕ್ಕೆ. “ಅಕ್ಕಾ, ಹಾಗಾದ್ರೆ ಇಷ್ಟು ದಿನ ಮಾಡಿದ್ದು?” ಎಂದು ಮೆಲ್ಲಗೆ ಕೇಳಿದಳು. ನಾನು, ಲೆಕ್ಕ ಹಾಕಿದವಳೇ ನಾನು, “ಮೌಲ್ವಿ ಸಾಹೇಬರನ್ನ ಕೇಳು” ಎಂದುಬಿಟ್ಟೆ.

ಶನಿವಾರ ಇದೇ ಸ್ಟಾಫ್ ರೂಮಿನಲ್ಲಿ ಹೆಡ್‌ಮಿಸ್ ನನ್ನ ಎದುರೇ, “ಮಸೀದಿ ಕಾರ್ಡೇ ಸರಿಯಾಗಿ ಹಾಕಕ್ಕೆ ಬರದ ಪ್ರೆಸ್ಸು, ನಮ್ಮ ಪ್ರಶ್ನೆಪತ್ರಿಕೆ ಹಾಕುತ್ತಾ?” ಎಂದು ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಹದಿನಾಲ್ಕು ವರ್ಷದಿಂದ ಮಾಮನೇ ಹಾಕುತ್ತಿದ್ದರು. ಅದೇ ದಿನ ಎಂಟನೆಯ ತರಗತಿಯಲ್ಲಿ ಖಗೋಳದ ಪಾಠ. ಪ್ರತಿ ವರ್ಷ ಹೇಳುವುದನ್ನೇ ಹೇಳಲು ಹೊರಟೆ. ಸಾವಿರ ವರ್ಷದ ಹಿಂದೆ ನಮ್ಮ ಮುಸ್ಲಿಂ ಪಂಡಿತರು ಗ್ರೀಕರ ಕೋಷ್ಟಕಗಳನ್ನು ಹಾಗೆಯೇ ನಂಬಲಿಲ್ಲ. ವೀಕ್ಷಣಾಲಯ ಕಟ್ಟಿ, ವರ್ಷಗಟ್ಟಲೆ ಆಕಾಶ ಅಳೆದು, ಎಲ್ಲಿ ಹೊಂದಲಿಲ್ಲವೋ ಅದನ್ನು ಬರೆದಿಟ್ಟರು. ಮಸೀದಿಗಳಲ್ಲಿ ಹೊತ್ತಿನ ಲೆಕ್ಕಕ್ಕೆಂದೇ ವಿದ್ವಾಂಸರು ಇದ್ದರು. ‘ಬರೆದಿಟ್ಟರು’ ಎಂಬಲ್ಲಿಗೆ ಬಂದಾಗ ಪುಸ್ತಕ ಮುಚ್ಚಿ ಕೂತುಬಿಟ್ಟೆ. ಉಪವಾಸ ಎಂದು ಹುಡುಗಿಯರು ತಿಳಿದುಕೊಂಡರು. ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಇಫ್ತಾರಿನ ಹೊತ್ತಿಗೆ ಮೂರು ಗಡಿಯಾರ ಎದುರಿಟ್ಟುಕೊಂಡು ಕೂರುತ್ತೇನೆ. ಮೂರೂ ಬೇರೆ ಬೇರೆ ಹೊತ್ತು ತೋರಿಸುತ್ತವೆ.

ಭಾನುವಾರ ಮೌಲ್ವಿ ಸಾಹೇಬರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ನೆಲದ ಮೇಲಿದ್ದವರ ಉಪವಾಸಕ್ಕೆ ಏನೂ ಆಗಿಲ್ಲ, ಸೂರ್ಯ ಕಾಣುವ ಎತ್ತರದಲ್ಲಿ ಇದ್ದವರಿಗೆ ಪಾಪವಿಲ್ಲ, ಆದರೆ ಆ ದಿನಗಳನ್ನು ಮತ್ತೆ ಹಿಡಿಯಲಿ ಎಂದರು. ಆಮೇಲೆ, “ಅದು ಅವರಿಗೆ ಗೊತ್ತಾಗ್ಬೇಕಲ್ಲಮ್ಮಾ. ಗೊತ್ತು ಮಾಡೋದು ಯಾರ ಮೇಲಿರೋ ಅಮಾನತ್, ಯಾರ ಹೊಣೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೈಕಾಲು ತೊಳೆದು ವಜೂ ಮಾಡಲು ಎದ್ದರು. ನಾನು ಚೀಟಿ ಬರೆದು ಕೊಟ್ಟಿದ್ದೇನೆ. ಶುಕ್ರವಾರ ಓದುತ್ತಾರೆ: ಅಚ್ಚಿನ ತಪ್ಪಲ್ಲ, ಲೆಕ್ಕ ತೆಗೆದುಕೊಟ್ಟ ಟೀಚರಳ ತಪ್ಪು, ಮೇಲಿನ ಮಹಡಿಯವರು ಹನ್ನೊಂದು ದಿನ ಮತ್ತೆ ಹಿಡಿಯಬೇಕು ಎಂದು. ಹೆಡ್‌ಮಿಸ್‌ಗೂ ಹೇಳಿದೆ. ಪ್ರಶ್ನೆಪತ್ರಿಕೆ ಮಾಮನಿಗೆ ವಾಪಸ್ ಹೋಗುತ್ತದೋ ಇಲ್ಲವೋ ತಿಳಿಯದು. ಮುಲಾಮು ಸಾಹೇಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನರ್ಸ್‌ಗೆ ನಾನೇ ಹೋಗಿ ಹೇಳಿದಾಗ ಅವಳು ಮಾತ್ರ, “ಹನ್ನೊಂದು ದಿನ ತಾನೇ ಅಕ್ಕಾ, ಚಳಿಗಾಲದಲ್ಲಿ ಹಿಡೀತೀನಿ, ಹಗಲು ಚಿಕ್ಕದು” ಎಂದು ನಕ್ಕಳು.

ಅಬ್ಬಾ, ನಿಮ್ಮ ಮೇಲೆ ನನಗೆ ಸಿಟ್ಟೂ ಇದೆ, ಬಚ್ಚಿಡುವುದೇಕೆ. ಅಂಕಿಯನ್ನು ಬರೆದಿರಿ, ಕಾಳಜಿಯನ್ನು ಬರೆಯಲಿಲ್ಲ. ಪುಣ್ಯದ ಕೆಲಸವನ್ನು ಹೇಳಿಕೊಳ್ಳಬಾರದು ಎಂಬ ನಿಮ್ಮ ರೂಢಿ ಬಹಳ ಒಳ್ಳೆಯದು. ಲೆಕ್ಕದ ಪುಸ್ತಕಕ್ಕೆ ಮಾತ್ರ ಅದು ಒಗ್ಗುವುದಿಲ್ಲ. ಮೂರೇ ಯಾಕೆ, ಎರಡು ಯಾಕಲ್ಲ, ಯಾವ ವರ್ಷದಿಂದ, ಯಾರು ಕೇಳಿದ್ದಕ್ಕೆ, ಎಲ್ಲವನ್ನೂ ಅತ್ತಿಗೆಗೆ ಹೇಳಿ ಬರೆಸಿ. ಮೊದಲ ಪುಟದಲ್ಲಿ ಅಂಟಿಸುತ್ತೇನೆ. ನನ್ನ ತಪ್ಪನ್ನು ಆ ಜಾಗದ ಕೆಳಗೆ ಆಗಲೇ ಬರೆದಿದ್ದೇನೆ, ತಾರೀಖಿನ ಸಮೇತ.

ನಿಮ್ಮ ಕಣ್ಣಿಗೆ ಅಲ್ಲಾಹನು ಬೆಳಕು ಕೊಡಲಿ. ಅತ್ತಿಗೆಗೆ, ಮಕ್ಕಳಿಗೆ ಪ್ರೀತಿ. ಅಣ್ಣನಿಗೂ ಸಲಾಂ, ಟಿಪ್ಪಣಿ ಬೇಡ.

ನಿಮ್ಮ
ಕಿರಿಮಗಳು

ಮರೆತ ಮಾತು: ಗಂಟೆ ಹೊಡೆಯಿತು, ಕ್ಲಾಸಿಗೆ ಹೋಗಬೇಕು. ಉಳಿದ ದಿನಗಳಿಗೆ ಹೊಸ ಕಾರ್ಡು ಇವತ್ತು ಅಚ್ಚಾಗುತ್ತಿದೆ, ಎತ್ತರದ ಮಹಡಿಯವರಿಗೆ ಒಂದು ಸಾಲು ಸೇರಿಸಿದ್ದೇನೆ. ಅದರಲ್ಲಿ ‘ಲೆಕ್ಕ’ ಎಂಬುದರ ಮುಂದೆ ನನ್ನ ಹೆಸರಿದೆ. ನಿಮ್ಮ ಹೆಸರನ್ನು ತೆಗೆಸಿದೆ, ನಲವತ್ತೊಂದು ವರ್ಷದಲ್ಲಿ ಮೊದಲ ಸಲ. ಪ್ರೆಸ್ಸಿನ ಮಾಮ ಎರಡು ಸಲ ಕೈ ತಡೆದು, “ಅವರನ್ನ ಒಂದು ಮಾತು ಕೇಳಮ್ಮಾ” ಎಂದರು. ಕೇಳಲಿಲ್ಲ. ಕೇಳಿದ್ದರೆ ನೀವು, “ತಪ್ಪೂ ನನ್ನ ಹೆಸರಿಗೇ ಇರಲಿ ಬಿಡು” ಎನ್ನುತ್ತಿದ್ದಿರಿ, ನಾನು ಹ್ಞೂಂ ಎಂದುಬಿಡುತ್ತಿದ್ದೆ.